ಸೋಮವತಿ ಅಮಾವಾಸ್ಯೆಯಂದು ನಾನು ಬಿಚ್ಚಿದ ಲಕೋಟೆ

ಜೇಜುರಿಯ ಮಲ್ಲಯ್ಯನನ್ನು ನಂಬಿದ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಪುಣೆಯ ನಿಗಡಿಯ ಈ ಮುದುಕನ ಶರಣು. ಈ ಪತ್ರಿಕೆಗೆ ಇದನ್ನು ಬರೆಯುವುದನ್ನು ನಾನು ಎರಡು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆದರಾಯಿತು ಎಂದೆ. ಪೊರೆ ತೆಗೆಸಿದ ಮೇಲೆ ಮಳೆಗಾಲ ಮುಗಿಯಲಿ ಎಂದೆ. ಅರ್ಧ ಕಥೆಯನ್ನು ಆಗಲೇ ಹೇಳಿಯೂ ಇದ್ದೇನೆ. ನಮ್ಮ ಭಜನಾ ಮಂಡಳಿಯಲ್ಲಿ ಒಂದು ಭಾನುವಾರ, ಮೊಮ್ಮಗಳ ಸ್ಪರ್ಧೆಯ ಲಕೋಟೆ ಕೊಡಲು ಹೋದಾಗ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು, ಮಲ್ಲಯ್ಯ ರಿಕ್ಷಾ ಕಳಿಸಿ ಮುಟ್ಟಿಸಿದ ಎಂದು ಹೇಳಿದ್ದೆ. ಎಲ್ಲರೂ ತಲೆದೂಗಿದರು. "ಗುರಪ್ಪಣ್ಣನ ಭಕ್ತಿ ದೊಡ್ಡದು" ಎಂದರು. ನಾನು ಸುಮ್ಮನೆ ಕೈಮುಗಿದೆ. ಆ ದಿನ ಯಾವ ಬಸ್ಸೂ ಕೆಟ್ಟಿರಲಿಲ್ಲ.

ನಾನು ಇಂಡಿ ತಾಲೂಕಿನವನು. ಮೆಟ್ರಿಕ್ ಪಾಸಾದ ಮೇಲೆ ಪುಣೆಗೆ ಬಂದು, ಆಕುರ್ಡಿಯ ಒಂದು ಕಾರಖಾನೆಯ ಸ್ಟೋರಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿ ನಿವೃತ್ತನಾದೆ. ಹೆಂಡತಿ ಬೇಗ ತೀರಿಕೊಂಡಳು. ಒಬ್ಬನೇ ಮಗ, ಅವನೂ ಬೈಕ್ ಅಪಘಾತದಲ್ಲಿ ಹೋದ. ಮನೆಯಲ್ಲಿ ಉಳಿದವರು ಮೂವರು: ನಾನು, ಸೊಸೆ, ಮೊಮ್ಮಗಳು ರೂಪಾ. ಸೊಸೆ ಒಂದು ಮಸಾಲೆ ಗಿರಣಿಯಲ್ಲಿ ಕೆಲಸಕ್ಕೆ ಸೇರಿ ಮಗಳನ್ನು ಓದಿಸಿದಳು. ನಾನು ಹೇಳಹೊರಟ ಹೊತ್ತಿಗೆ ರೂಪಾ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು.

ಆ ವರ್ಷ ವಿದ್ಯಾಪೀಠದ ವಿದ್ಯಾರ್ಥಿಗಳಿಗಾಗಿ ಒಂದು ಸ್ಪರ್ಧೆ ಇಟ್ಟಿದ್ದರು. ತಾವೇ ತೆಗೆದ ಒಂದು ಫೋಟೋ, ಅದರ ಬಗ್ಗೆ ತಾವೇ ಬರೆದ ಒಂದು ಲೇಖನ. ದಿನವೂ ಕಣ್ಣೆದುರಿಗಿದ್ದರೂ ಯಾರೂ ನೋಡದೆ ಬಿಟ್ಟದ್ದರ ಮೇಲೆ ಬರೆಯಬೇಕು ಎಂಬುದು ವಿಷಯ. ಆರಿಸಿದ ಮಕ್ಕಳಿಗೆ ಒಂದು ತಿಂಗಳು ಫೋಟೋ ತೆಗೆಯುವ ಶಿಬಿರ, ಆಮೇಲೆ ಪ್ರದರ್ಶನ. ರೂಪಾಳಿಗೆ ಆ ಶಿಬಿರದ ಮೇಲೆ ಜೀವವಿತ್ತು. ಗೆಳತಿಯ ಕ್ಯಾಮೆರಾ ಎರವಲು ತಂದು ಒಂದು ತಿಂಗಳು ಮನೆಯಲ್ಲೆಲ್ಲ ತಿರುಗಾಡಿದಳು. ಡಿಗ್ರಿ ಮುಗಿದರೆ ಮತ್ತೆ ಅವಕಾಶವಿಲ್ಲ. ಕೈಯಿಂದ ಬರೆದ ಪ್ರತಿಯನ್ನೂ ಅಚ್ಚು ಹಾಕಿಸಿದ ಫೋಟೋವನ್ನೂ ಲಕೋಟೆಯಲ್ಲಿಟ್ಟು ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ, ಶಿವಾಜಿನಗರದ ಆಫೀಸಿನಲ್ಲಿ ಕೊಡಬೇಕು. ಫೋಟೋ ಅಚ್ಚಾಗಿ ಬಂದದ್ದು ಕೊನೆಯ ದಿನದ ಹಿಂದಿನ ಸಂಜೆ.

ಆ ಕೊನೆಯ ದಿನವೇ ಸೋಮವಾರ, ಅಮಾವಾಸ್ಯೆ. ಸೋಮವತಿಯಂದು ನಾನು ಮಲ್ಲಯ್ಯನ ದರ್ಶನಕ್ಕೆ ಜೇಜುರಿಯ ಗುಡ್ಡಕ್ಕೆ ಹೋಗುವುದನ್ನು ತಪ್ಪಿಸಿದವನಲ್ಲ. ಬೆಳಿಗ್ಗೆ ಧೋತರ ಉಟ್ಟು ಹೊರಡುವವನಿದ್ದೆ.

"ಮುತ್ಯಾ, ಇವತ್ತ ನಂದು ಪ್ರಾಕ್ಟಿಕಲ್ ಅದ, ಆರರ ತನಕಾ ಬಿಡಂಗಿಲ್ಲ" ಎಂದಳು ರೂಪಾ. "ನೀ ಇದನ್ನ ಶಿವಾಜಿನಗರಕ್ಕ ಕೊಟ್ಟು ಬಾ."

"ಇವತ್ತ ಸೋಮವತಿ ಅದ."

"ಮಲ್ಲಯ್ಯ ಗುಡ್ಡ ಬಿಟ್ಟು ಎಲ್ಲಿ ಓಡಿ ಹೋಗ್ತಾನ? ಇವರು ಮಾತ್ರ ಐದಕ್ಕ ಪೆಟಿಗಿ ಮುಚ್ಚತಾರ."

ಸೊಸೆ ಡಬ್ಬಿ ಕಟ್ಟಿಕೊಳ್ಳುತ್ತ, "ನಾ ಗಿರಣ್ಯಾಗ ಸೂಟಿ ಕೇಳಲೇನು?" ಎಂದಳು.

"ಬ್ಯಾಡ ಯವ್ವಾ. ಮುತ್ಯಾ ಹೋಗ್ತಾನ. ಬಸ್ ಪಾಸ್ ಮಾಡಿಸಿಕೊಂಡು ಊರೆಲ್ಲಾ ತಿರುಗತಾನ, ಇದೊಂದು ಆಗೂದಿಲ್ಲೇನು?"

ಗೊಣಗುತ್ತಲೇ ಲಕೋಟೆ ತಗೊಂಡೆ. ರೂಪಾ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು.

ಊಟ ಮಾಡಿ ಹನ್ನೆರಡೂವರೆಯ ಬಸ್ಸು ಹತ್ತಿದೆ. ಕಿಟಕಿಯ ಸೀಟು ಸಿಕ್ಕಿತು. ಚಿಂಚವಡ ದಾಟುವವರೆಗೆ ಲಕೋಟೆ ತೊಡೆಯ ಮೇಲಿತ್ತು. ಒಂದು ಅಂಚಿನಲ್ಲಿ ಅಂಟು ಸರಿಯಾಗಿ ಹಿಡಿದಿರಲಿಲ್ಲ. ಫೋಟೋ ಒಂದು ನೋಡಿ ಮತ್ತೆ ಅಂಟಿಸಿದರಾಯಿತು ಎಂದು ಅಂಚಿಗೆ ಉಗುರು ಹಾಕಿದೆ. ಮೊಮ್ಮಗಳ ಸಹಿ ಎರಡು ತುಂಡಾಯಿತು.

ಫೋಟೋದಲ್ಲಿ ಎರಡು ಅಂಗೈ ಇದ್ದವು. ನಮ್ಮ ಬಚ್ಚಲಿನ ನಳದ ಕೆಳಗೆ ಹಿಡಿದ ಕೈಗಳು, ಇನ್ನೂ ನೀರು ಬಿದ್ದಿಲ್ಲ. ಗೆರೆಗೆರೆಯೊಳಗೂ ಉಗುರಿನ ಸಂದಿಯಲ್ಲೂ ಅರಿಶಿನ. ಮುಖ ಕಾಣುವುದಿಲ್ಲ. ಎಡಗೈ ಮಣಿಕಟ್ಟಿನ ಮೇಲೆ ರೊಟ್ಟಿ ಹಂಚು ತಾಗಿ ಸುಟ್ಟ ಗುರುತು ನೋಡಿ ಅದು ಸೊಸೆಯ ಕೈ ಎಂದು ತಿಳಿಯಿತು. ಚಲೋ ತೆಗೆದಿದ್ದಾಳೆ ಎಂದುಕೊಂಡೆ. ಅಷ್ಟಕ್ಕೇ ನಿಲ್ಲಬೇಕಿತ್ತು. ಲೇಖನವನ್ನೂ ತೆಗೆದು ಓದಿದೆ.

ಮರಾಠಿಯಲ್ಲಿ ಬರೆದಿದ್ದಳು. ನನಗೆ ನೆನಪಿದ್ದಷ್ಟು ಹೇಳುತ್ತೇನೆ. ಇವು ನನ್ನ ಅವ್ವನ ಕೈಗಳು. ದಿನಕ್ಕೆ ಎಂಟು ತಾಸು ಗಿರಣಿಯಲ್ಲಿ ಅರಿಶಿನ ಜರಡಿ ಹಿಡಿಯುತ್ತವೆ. ಅದರಲ್ಲಿ ಒಂದಿಷ್ಟು ಮಲ್ಲಯ್ಯನಿಗೆ ಹಾರಿಸುವ ಭಂಡಾರವೆಂದು ಜೇಜುರಿಯ ಅಂಗಡಿಗಳಿಗೆ ಹೋಗುತ್ತದೆ. ನನ್ನ ಅಜ್ಜ ಅದನ್ನು ಕೊಂಡು ತರುತ್ತಾರೆ. ಮಲ್ಲಯ್ಯನ ಹಬ್ಬವಾದ ಚಂಪಾಷಷ್ಠಿಯಂದು ಐದು ಜನ ಗಂಡಸರು ಸೇರಿ ಭಂಡಾರದ ತಟ್ಟೆ ಎತ್ತಿ ದೇವರ ಹೆಸರು ಕೂಗುತ್ತಾರೆ. ಆಮೇಲೆ ಅಜ್ಜ ಎಲ್ಲರ ಹಣೆಗೂ ಭಂಡಾರ ಹಚ್ಚುತ್ತಾರೆ, ಓಣಿಯ ಮಕ್ಕಳಿಗೂ, ಹಾಲು ಕೊಡುವವನಿಗೂ. ಅವ್ವನ ಹತ್ತಿರ ಬಂದಾಗ ಕೈ ಅವಳನ್ನು ದಾಟಿ ಮುಂದಿನವರಿಗೆ ಹೋಗುತ್ತದೆ. ಅಪ್ಪ ಸತ್ತ ವರ್ಷ ಅವ್ವ ಮರೆತು ಹಣೆ ಮುಂದೆ ಮಾಡಿದ್ದಳು. ಅಜ್ಜ ಬೆರಳನ್ನು ಧೋತರಕ್ಕೆ ಒರೆಸಿಕೊಂಡರು. ಮನೆ ತುಂಬ ಜನ ಇದ್ದರು. ನಾನಾಗ ಒಂಬತ್ತು ವರ್ಷದವಳು. ಅವ್ವ ಬಗ್ಗಿಸಿದ ತಲೆಯನ್ನು ಹಾಗೆಯೇ ಬಗ್ಗಿಸಿಕೊಂಡು, ಏನೋ ಬಿದ್ದದ್ದು ಹುಡುಕುವವಳಂತೆ ನೆಲ ನೋಡಿದಳು. ನೆಲದ ಮೇಲೆ ಏನೂ ಇರಲಿಲ್ಲ.

ಅದು ನಿಜ. ನಡೆದದ್ದು ಹಾಗೆಯೇ. ಹನ್ನೊಂದು ವರ್ಷದಲ್ಲಿ ಅದು ನನಗೆ ಒಮ್ಮೆಯೂ ನೆನಪಾಗಿರಲಿಲ್ಲ. ಗಂಡ ಸತ್ತವರಿಗೆ ಅರಿಶಿನ ಕುಂಕುಮ ಹಚ್ಚುವುದಿಲ್ಲ, ನಮ್ಮ ತಾಯಿಗೂ ಹಚ್ಚಲಿಲ್ಲ, ಭಂಡಾರವೂ ಅರಿಶಿನವೇ ಎಂದು ನಾನು ತಿಳಿದಿದ್ದೆ. ಯಾರನ್ನೂ ಕೇಳಿರಲಿಲ್ಲ.

ಓದಿದಾಗ ನನಗೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಂದದ್ದು ಸಿಟ್ಟು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡು, ಮುತ್ಯಾ ಎಂದು ಹೆಗಲ ಮೇಲೆ ಕುಳಿತು, ಈಗ ಮನೆಯ ಮಾತನ್ನು ಗೋಡೆಗೆ ತೂಗುಹಾಕುತ್ತಾಳಲ್ಲ ಎಂದು. ಪ್ರದರ್ಶನಕ್ಕೆ ಮಂಡಳಿಯ ಯಾರಾದರೂ ಹೋಗಿ ಓದಿದರೆ ನನ್ನ ಮುಖ ಏನಾದೀತು ಎಂದು.

ಶಿವಾಜಿನಗರದಲ್ಲಿ ಇಳಿದಾಗ ಎರಡು ಗಂಟೆಯಾಗಿತ್ತು. ಆಫೀಸು ಐದು ನಿಮಿಷದ ದಾರಿ. ಗೇಟಿನವರೆಗೆ ಹೋದೆ. ಹುಡುಗ ಹುಡುಗಿಯರು ಲಕೋಟೆ ಹಿಡಿದು ಒಳಗೆ ಹೋಗಿ ಬರುತ್ತಿದ್ದರು. ವಾಚ್‌ಮನ್ ನನ್ನ ಕೈಯಲ್ಲಿದ್ದ ಲಕೋಟೆ ನೋಡಿ ಆ ಬಾಗಿಲು ಎಂದು ತೋರಿಸಿದ. ನಾನು ತಲೆಯಾಡಿಸಿ, ತಿರುಗಿ, ರಸ್ತೆ ದಾಟಿ ಹಡಪ್ಸರದ ಬಸ್ಸು ಹತ್ತಿದೆ. ಅಲ್ಲಿಂದ ಜೇಜುರಿಗೆ ಗಾಡಿ ಸಿಗುತ್ತದೆ. ಸೋಮವತಿ ತಪ್ಪಿಸಬಾರದು, ದರ್ಶನ ಮುಗಿಸಿ ಬರುವಷ್ಟರಲ್ಲಿ ಐದು ದಾಟಿರುತ್ತದೆ, ಜನದ ಗರ್ದಿಯಲ್ಲಿ ಸಿಕ್ಕಿಕೊಂಡೆ ಎಂದರಾಯಿತು. ನನ್ನ ಪಾಪಕ್ಕೆ ದೇವರನ್ನೇ ನೆಪ ಮಾಡಿಕೊಂಡು ಹೊರಟೆ.

ಹಡಪ್ಸರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೇಜುರಿಗೆ ಹೋಗುವವರು ಅರ್ಧ, ಬಂದವರು ಅರ್ಧ, ಎಲ್ಲರ ಬಟ್ಟೆಯೂ ಹಳದಿ. ಮೊದಲ ಗಾಡಿ ಸಿಗಲಿಲ್ಲ. ನಾನು ಒಂದು ಅಂಗಡಿಯ ಕಟ್ಟೆಯ ಮೇಲೆ ಲಕೋಟೆಯನ್ನು ಬಗಲಲ್ಲಿ ಒತ್ತಿಕೊಂಡು ಕುಳಿತೆ. ಅಷ್ಟರಲ್ಲಿ ಜೇಜುರಿಯಿಂದ ಬಂದ ಗಾಡಿಯಿಂದ ನಮ್ಮ ಕಡೆಯ ನಾಲ್ಕೈದು ಹೆಣ್ಣುಮಕ್ಕಳು ಇಳಿದರು. ಮಾತು ಕೇಳಿದರೆ ಅಫಜಲಪುರದ ಕಡೆಯವರು. ಅವರಲ್ಲಿ ಹಿರಿಯಳಾದ ಒಬ್ಬ ಮುದುಕಿ, ಎಂಬತ್ತರ ಹತ್ತಿರದವಳು, ನನ್ನ ಪಕ್ಕದಲ್ಲಿ ಕುಳಿತಳು.

"ತಮ್ಮಾ, ನೀರು ಅದಾವೇನಪಾ?"

ನನ್ನ ಬಾಟಲಿ ಕೊಟ್ಟೆ. ಕುಡಿದು, ಸೆರಗಿನ ಗಂಟು ಬಿಚ್ಚಿ, ಕೇಳದೆಯೇ ನನ್ನ ಹಣೆಗೆ ಭಂಡಾರ ಬಳಿದಳು. ಆಗ ಅವಳ ಕೈ ನೋಡಿದೆ. ಬಳೆ ಇರಲಿಲ್ಲ. ಕೊರಳಲ್ಲಿ ತಾಳಿ ಇರಲಿಲ್ಲ. ಹಣೆ ಮಾತ್ರ ಕೂದಲಿನಿಂದ ಹುಬ್ಬಿನವರೆಗೆ ಹಳದಿ.

ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಆಯೀ, ನಿಮ್ಮ ಯಜಮಾನರು?"

"ಹೋಗಿ ನಲ್ವತ್ತು ವರ್ಷಾತು. ಯಾಕ?"

"ಅಲ್ಲ, ನೀವು ಭಂಡಾರ ಹಚ್ಚಿಕೊಂಡೀರಿ..."

ಅವಳು ನನ್ನ ಮುಖ ನೋಡಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಜೊತೆಯವರಿಗೆ, "ಕೇಳ್ರೇ ಇಲ್ಲಿ, ಈ ತಮ್ಮ ಏನಂತಾನ" ಎಂದು ಕರೆದು, ಮತ್ತೆ ನನ್ನ ಕಡೆ ತಿರುಗಿದಳು.

"ಗುಡ್ಡದ ಮ್ಯಾಲ ಭಂಡಾರ ಹಾರಸ್ತಾರಲ್ಲ, ನೋಡೀಯಿಲ್ಲೋ?"

"ನೋಡೀನಿ. ವರ್ಷಾ ಹೋಗ್ತೀನಿ."

"ಅದು ಕೆಳಗ ಬೀಳೂ ಮುಂದ, ಏ ಮುದುಕಿ, ನಿನ್ನ ಗಂಡ ಅದಾನೋ ಇಲ್ಲೋ ಅಂತ ಕೇಳಿ ಬೀಳತದೇನು? ಮಲ್ಲಯ್ಯ ಒಂದು ದಿನ ಕೇಳಲಿಲ್ಲ. ಕೇಳಾಂವ ನೀನೊಬ್ಬ ಹುಟ್ಟೀದಿ ನೋಡು."

ಹೆಂಗಸರೆಲ್ಲ ನಕ್ಕರು. "ಪುಣೇದ ಮಂದಿ, ಭಾಳ ಶಾಣ್ಯಾ ಇರ್ತಾರ" ಎಂದಳು ಒಬ್ಬಳು. ಮುದುಕಿ ಒಂದು ಕಾಗದದ ತುಂಡಿನಲ್ಲಿ ಭಂಡಾರ ಹಾಕಿ ಪೊಟ್ಟಣ ಕಟ್ಟಿ ನನ್ನ ಅಂಗೈಯಲ್ಲಿಟ್ಟಳು.

"ಮನ್ಯಾಗ ಹೆಣ್ಮಕ್ಕಳಿಗೆ ಹಚ್ಚು. ಸೊಸಿ ಅದಾಳಿಲ್ಲೋ?"

"ಅದಾಳ."

"ಮೊದಲ ಆಕೀಗೆ ಹಚ್ಚು. ನಿನಗ ರೊಟ್ಟಿ ಹಾಕಾಕಿ ಆಕಿ."

ಅವರ ಗಾಡಿ ಬಂತು, ಹೋದರು. ಅವಳ ಹೆಸರು ಕೇಳಲಿಲ್ಲ. ನನ್ನನ್ನು ಅವಳು ಬೈದಿರಲಿಲ್ಲ, ನನ್ನ ಗುರುತೂ ಅವಳಿಗಿರಲಿಲ್ಲ. ಆದರೂ ಆ ಪೊಟ್ಟಣವನ್ನು ಕಿಸೆಗೆ ಹಾಕಿಕೊಳ್ಳಲಾಗದೆ ಹಿಡಿದುಕೊಂಡೇ ಕುಳಿತೆ. ಎಷ್ಟು ಸೋಮವತಿಗೆ ಆ ಗುಡ್ಡ ಹತ್ತಿದ್ದೇನೆ, ಎಷ್ಟು ಜನ ಗಂಡ ಸತ್ತ ಹೆಣ್ಣುಮಕ್ಕಳ ತಲೆಯ ಮೇಲೆ ಭಂಡಾರ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಂಡೂ ಮನೆಗೆ ಬಂದು ಬೆರಳು ಒರೆಸಿಕೊಂಡಿದ್ದೇನೆ.

ಜೇಜುರಿಯ ಗಾಡಿ ಬಂತು. ಹಿಂದಿನವರು ನೂಕಿ ನನ್ನನ್ನು ಮೆಟ್ಟಿಲಿನವರೆಗೆ ಒಯ್ದರು. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಕಂಡಕ್ಟರ್ ಹತ್ತುವುದಿದ್ದರೆ ಹತ್ತು, ಇಲ್ಲ ಇಳಿ ಎಂದ. ಇಳಿದೆ. ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

ಶಿವಾಜಿನಗರದ ಬಸ್ಸಿನಲ್ಲಿ ನಿಂತುಕೊಂಡೇ ಬೇಡಿಕೊಂಡೆ. ಮಲ್ಲಯ್ಯಾ, ನಿನ್ನ ಹೆಸರು ಹೇಳಿ ಓಡಿ ಬಂದೆ. ನನ್ನ ಮಾನ ಉಳಿಸು ಎಂದು ಕೇಳುವುದಿಲ್ಲ. ಪೆಟ್ಟಿಗೆ ಮುಚ್ಚುವುದರೊಳಗೆ ಈ ಲಕೋಟೆಯನ್ನು ಮುಟ್ಟಿಸು.

ಬಸ್ಸು ಹತ್ತು ಮಾರು ಹೋಗುವುದು, ನಿಲ್ಲುವುದು. ಅಮಾವಾಸ್ಯೆಯ ಗಾಡಿಗಳಿಂದ ರಸ್ತೆಯೆಲ್ಲ ಕಟ್ಟಿಹೋಗಿತ್ತು. ಪುಲಗೇಟ್ ಬರುವಷ್ಟರಲ್ಲಿ ನಾಲ್ಕೂ ನಲವತ್ತು. ಬಸ್ಸು ಅಲ್ಲಿ ಅಲುಗಾಡದೆ ನಿಂತಿತು. ಡ್ರೈವರನನ್ನು ಬೇಡಿಕೊಂಡು ಇಳಿದೆ. ಮೊದಲ ರಿಕ್ಷಾದವನು ಬರುವುದಿಲ್ಲ ಎಂದ. ಎರಡನೆಯವನು ಕೈಯಾಡಿಸಿ ಹೋದ. ನಾನು ಲಕೋಟೆ ಎತ್ತಿ ಹಿಡಿದು ನಡುರಸ್ತೆಯಲ್ಲಿ ನಿಂತುಬಿಟ್ಟೆ. ಮೂರನೆಯ ರಿಕ್ಷಾದಲ್ಲಿ ಆಗಲೇ ಒಬ್ಬ ಗಿರಾಕಿ ಇದ್ದ. ಡ್ರೈವರ್ ನನ್ನ ಹಣೆ ನೋಡಿ ನಿಲ್ಲಿಸಿದ.

"ಕಾಕಾ, ಜೇಜುರಿಹೂನ ಆಲಾತ?" ಎಂದ. ಜೇಜುರಿಯಿಂದ ಬಂದಿರಾ ಎಂದು.

ಇಲ್ಲಪ್ಪ, ಅರ್ಧ ದಾರಿಯಿಂದ ತಿರುಗಿ ಬಂದೆ ಎಂದೆ. ಆ ದಿನ ನಾನಾಡಿದ ಮೊದಲ ನಿಜ ಅದು. ಅವನು ಏನು ತಿಳಿದುಕೊಂಡನೋ, ಒಳಗಿದ್ದವನಿಗೆ ಸರಿದು ಕೂಡಲು ಹೇಳಿ ನನ್ನನ್ನು ಹತ್ತಿಸಿಕೊಂಡ. ಒಳಗಿನ ಗಲ್ಲಿಗಳಲ್ಲಿ ನುಗ್ಗಿಸಿದ. ನಾನು ಕಣ್ಣುಮುಚ್ಚಿ ಕುಳಿತಿದ್ದೆ. ಕಣ್ಣು ತೆರೆದರೆ ಕಾಣುವುದು ಗಡಿಯಾರವೇ.

ಆಫೀಸಿನ ಮೆಟ್ಟಿಲು ಹತ್ತಿದಾಗ ಐದು ಗಂಟೆ ಹನ್ನೆರಡು ನಿಮಿಷ. ಕಾರಿಡಾರಿನಲ್ಲಿ ಯಾರೂ ಇಲ್ಲ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೇಜಿನ ಮೇಲೆ ಪೆಟ್ಟಿಗೆ, ಅದರ ಮುಂದೆ ಒಬ್ಬ ಕ್ಲಾರ್ಕ್ ಹೆಣ್ಣುಮಗಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಕುಳಿತಿದ್ದಳು. ಪೆಟ್ಟಿಗೆಯ ಮುಚ್ಚಳ ತೆರೆದಿತ್ತು.

ಹೊತ್ತಾಯಿತು ಅಜ್ಜಾ ಎಂದು ಮರಾಠಿಯಲ್ಲಿ ಹೇಳಿದಳು. ಲಕೋಟೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದೆ. ಅವಳು ಪೆಟ್ಟಿಗೆ ನೋಡಿದಳು, ಗಡಿಯಾರ ನೋಡಿದಳು. ಪೆಟ್ಟಿಗೆ ಮುಚ್ಚಿ ಮೊಹರು ಹಾಕಬೇಕಾದ ಸಾಹೇಬರು ಮಧ್ಯಾಹ್ನ ಹಡಪ್ಸರದ ಕಡೆ ಹೋದವರು ಇನ್ನೂ ಬಂದಿಲ್ಲ, ಸೋಮವತಿಯ ಗರ್ದಿಯಲ್ಲಿ ಸಿಕ್ಕಿಕೊಂಡಿದ್ದಾರಂತೆ, ಮೊಹರು ಬೀಳುವವರೆಗೆ ಬಂದದ್ದನ್ನು ತಗೊಳ್ಳುತ್ತೇನೆ, ತಾ ಎಂದಳು.

ಭಕ್ತಬಾಂಧವರೇ, ನನ್ನನ್ನು ದಾರಿಯಲ್ಲಿ ಹಿಡಿದು ನಿಲ್ಲಿಸಿದ್ದ ಗರ್ದಿಯೇ ಆ ಪೆಟ್ಟಿಗೆಯನ್ನೂ ತೆರೆದಿಟ್ಟಿತ್ತು. ನಾನು ಮಂಡಳಿಯಲ್ಲಿ ಕಥೆ ನಿಲ್ಲಿಸಿದ್ದು ಇಲ್ಲಿಗೆ. ನಡೆದದ್ದು ಇಲ್ಲಿಗೆ ನಿಲ್ಲಲಿಲ್ಲ.

ಅವಳು ಲಕೋಟೆ ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟಳು. ಇದು ಬಿಚ್ಚಿದೆ, ಸಹಿ ಹರಿದಿದೆ, ಹೀಗಿದ್ದರೆ ತಗೊಳ್ಳುವಂತಿಲ್ಲ ಎಂದಳು. ನನ್ನ ಮುಖ ನೋಡಿ ಕನಿಕರವಾಯಿತೇನೋ, ಗರ್ದಿಯಲ್ಲಿ ಅಂಟು ಬಿಟ್ಟಿತೇ ಎಂದು ತಾನೇ ಕೇಳಿದಳು. ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಹೌದು ಎನ್ನಲು ಬಾಯಿ ತೆರೆದೂ ಇದ್ದೆ. ಹಣೆಯ ಮೇಲಿನ ಭಂಡಾರ ಬೆವರಿಗೆ ಕರಗಿ ಕಣ್ಣಿಗಿಳಿದು ಉರಿಯಿತು. ನಾನೇ ಬಿಚ್ಚಿದೆ ತಾಯಿ ಎಂದೆ.

ಅವಳು ಒಂದು ಹಾಳೆ ಕೊಟ್ಟಳು. ಬರೆದು ಕೊಡಿ, ಸಾಹೇಬರು ಏನನ್ನುತ್ತಾರೋ ನೋಡೋಣ ಎಂದಳು. ಸ್ಟೋರಿನಲ್ಲಿ ಮೂವತ್ತು ವರ್ಷ ಬರೆದ ಕೈ, ಆ ನಾಲ್ಕು ಸಾಲು ಬರೆಯಲು ಕಾಲು ತಾಸು ತಗೊಂಡಿತು. "ನಾನು ಈ ಹುಡುಗಿಯ ಅಜ್ಜ. ಲಕೋಟೆ ಬಿಚ್ಚಿದವನು ನಾನು. ಒಳಗೆ ನನ್ನ ಬಗ್ಗೆ ಬರೆದದ್ದೆಲ್ಲ ನಿಜ. ಅದು ಯಾರಿಗೂ ತಿಳಿಯಬಾರದೆಂದು ಕೊಡದೆ ಓಡಿಹೋಗಿದ್ದೆ. ತಪ್ಪು ನನ್ನದು. ಇವಳದಲ್ಲ."

ಸಾಹೇಬರು ಬಂದಾಗ ಐದೂ ಮುಕ್ಕಾಲು. ಅಂಗಿ ಬೆವರಿನಿಂದ ಒದ್ದೆ. ಕ್ಲಾರ್ಕ್ ಹೆಣ್ಣುಮಗಳು ಹಾಳೆ ಕೊಟ್ಟಳು. ನಿಂತಲ್ಲೇ ಓದಿದರು, ಮತ್ತೊಮ್ಮೆ ಓದಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಕೈಮುಗಿಯಲಿಲ್ಲ, ಬೇಡಲಿಲ್ಲ. ಬೇಡುವ ಹಕ್ಕು ನನಗಿರಲಿಲ್ಲ. ಅವರು ಹಾಳೆಯ ಕೆಳಗೆ ಏನೋ ಗೀಚಿ ಸಹಿ ಮಾಡಿ, ಲಕೋಟೆಗೆ ಪಿನ್ನು ಹೊಡೆದು ಪೆಟ್ಟಿಗೆಯೊಳಗೆ ಹಾಕಿದರು. ಇದೇ ಕೊನೆಯದು ಎಂದು ಮೊಹರು ಹಾಕಲು ಹೇಳಿದರು. ಮೇಣ ಕರಗಿ ಬೀಳುವವರೆಗೆ ನಾನು ಅಲ್ಲಿಯೇ ನಿಂತಿದ್ದೆ.

ಮನೆಗೆ ಬಂದಾಗ ರೂಪಾ ಬಾಗಿಲಲ್ಲೇ ಇದ್ದಳು. "ಕೊಟ್ಟ್ಯಾ ಮುತ್ಯಾ?"

"ಕೊಟ್ಟೆವ್ವಾ."

"ಹಣೀಮ್ಯಾಲ ಭಂಡಾರ ಎಲ್ಲಿಂದು?"

"ಬಸ್ಸಿನ್ಯಾಗ ಜೇಜುರಿ ಮಂದಿ ಇದ್ದರು."

ಪೊಟ್ಟಣವನ್ನು ದೇವರ ಮುಂದಿಟ್ಟೆ. ಸೊಸೆ ರೊಟ್ಟಿ ಹಾಕಿದಳು, ಉಂಡೆ. ಅವಳ ಹಣೆಯನ್ನು ನೋಡುವ ಧೈರ್ಯ ಆ ದಿನ ಬರಲಿಲ್ಲ.

ರೂಪಾ ಶಿಬಿರಕ್ಕೆ ಆಯ್ಕೆಯಾದಳು. ಪ್ರದರ್ಶನದ ದಿನ ಮೂವರೂ ಹೋದೆವು. ಫೋಟೋದ ಮುಂದೆ ಜನ ನಿಂತಿದ್ದರು. ಸೊಸೆ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಹಿಂದೆ ನಿಂತಿದ್ದಳು. ಯಾರೋ ಒಬ್ಬರು ಈ ಕೈ ಯಾರದು ಎಂದು ಕೇಳಿದರು. ರೂಪಾ ಅವ್ವನ ಕೈಯನ್ನು ಸೆರಗಿನಿಂದ ಹೊರಗೆ ತೆಗೆದು ತೋರಿಸಿದಳು. ನಾನು ಬಿಚ್ಚಿದ್ದು ಅವಳಿಗೆ ಇಂದಿಗೂ ಗೊತ್ತಿಲ್ಲ. ಇದನ್ನು ಓದಿದಾಗ ಗೊತ್ತಾಗುತ್ತದೆ.

ಆ ವರ್ಷದ ಚಂಪಾಷಷ್ಠಿಗೆ ಎಂದಿನಂತೆ ಐದು ಜನ ತಟ್ಟೆ ಎತ್ತಿದೆವು. ನಾನು ಎಲ್ಲರಿಗಿಂತ ಮೊದಲು ಅಡಿಗೆಮನೆಯ ಬಾಗಿಲಿಗೆ ಹೋದೆ. ಸೊಸೆ ಬದನೆಕಾಯಿ ಸುಡುತ್ತಿದ್ದಳು.

"ಬ್ಯಾಡ್ರಿ ಮಾವಾರ, ಮಂದಿ ಅದಾರ" ಎಂದಳು.

ನಾನು ಅವಳ ಹಣೆಗೆ ಭಂಡಾರ ಹಚ್ಚಿದೆ. ಅವಳು ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು: "ಹನ್ನೊಂದು ವರ್ಷದ್ದು ಒಂದ ಬೆರಳಿಗೆ ಮುಗೀತೇನ್ರಿ?"

ತಟ್ಟೆ ಹಿಡಿದು ಮುಂದಿನವರ ಹತ್ತಿರ ಹೋದೆ. ಅಂದಿನಿಂದ ಪ್ರತಿ ಹಬ್ಬಕ್ಕೂ ಹಚ್ಚುತ್ತೇನೆ, ಅವಳೂ ತಲೆ ಬಗ್ಗಿಸುತ್ತಾಳೆ. ಆ ಪ್ರಶ್ನೆ ಇಬ್ಬರ ನಡುವೆ ಹಾಗೆಯೇ ಇದೆ.

ಮಲ್ಲಯ್ಯ ನನ್ನ ಮೊರೆ ಕೇಳಿದ. ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಓಡಿಹೋಗುತ್ತಿದ್ದವನನ್ನು ತಡೆಯಲು ಅಫಜಲಪುರದಿಂದ ಆ ತಾಯಿಯನ್ನು ಕಳಿಸಿದ, ಪೆಟ್ಟಿಗೆ ಮುಚ್ಚದಂತೆ ಹಿಡಿದ. ಮೊದಲು ನಾನು ಅವನು ಗುಡ್ಡದ ಮೇಲೆ ಮಾತ್ರ ಇದ್ದಾನೆ ಎಂದು ತಿಳಿದಿದ್ದೆ. ಈಗ ಬೆಳಿಗ್ಗೆ ಸೊಸೆ ಡಬ್ಬಿ ಕಟ್ಟಿಕೊಂಡು ಗಿರಣಿಗೆ ಹೊರಟಾಗ ಅವನಿಗೆ ಕೈಮುಗಿಯುತ್ತೇನೆ. ಆದರೆ ನನ್ನ ಬಾಯಿಂದ ಬರಬೇಕಾದ ಮಾತನ್ನು ದೇವರು ಆಡಿಕೊಡುವುದಿಲ್ಲ ಎಂಬುದೂ ಈ ಎರಡು ವರ್ಷದಲ್ಲಿ ತಿಳಿದಿದೆ.

ಈ ಪತ್ರಿಕೆ ನಮ್ಮ ಮನೆಗೆ ತಿಂಗಳ ಮೊದಲ ವಾರ ಬರುತ್ತದೆ. ಅಂಚೆಯವನ ಕೈಯಿಂದ ಅದನ್ನು ತಗೊಂಡು ಮೊದಲು ಓದುವವಳು ಸೊಸೆಯೇ. ಎದುರಿಗೆ ನಿಂತು ಹೇಳಲಾಗದ್ದನ್ನು ನಿಮ್ಮೆಲ್ಲರ ಎದುರಿಗೆ ಹೇಳುತ್ತೇನೆ. ಒಂದು ಬೆರಳಿಗೆ ಮುಗಿಯಲಿಲ್ಲ. ತಪ್ಪು ನನ್ನದು, ದೇವರದಲ್ಲ, ಸಂಪ್ರದಾಯದ್ದಲ್ಲ. ನನ್ನನ್ನು ಕ್ಷಮಿಸವ್ವಾ, ಮಹಾದೇವಿ.